ಆಚೆ ಇಟ್ಟ ಕೂಸಿನ ಹೆಸರು

ಪೀಣ್ಯದಲ್ಲಿ ಬಿಸ್ಕತ್ ಪ್ಯಾಕ್ ಮಾಡುವ ಮಿಷಿನ್‌ಗಳನ್ನು ಕೂರಿಸುವ ಒಂದು ಕಂಪನಿ. ಅಲ್ಲಿ ತಿಪ್ಪಯ್ಯ ಬಹಳ ಕಾಲದಿಂದ ಫಿಟ್ಟರ್. ಕೆಲಸ ಶುದ್ಧ, ಮಾತು ಕಮ್ಮಿ, ಸಿಟ್ಟು ಬಂದರೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಮನುಷ್ಯ. ಆದರೆ ಹೊಸಬರು ಯಾರಾದರೂ ಹೆಸರು ಕೇಳಿದರೋ, ಮುಖ ಆ ಕಡೆ ತಿರುಗಿಸಿ ಬಾಯೊಳಗೇ ಏನೋ ಗೊಣಗಿಬಿಡುತ್ತಿದ್ದ. ಐವತ್ತರ ಹತ್ತಿರ ಬಂದ ಗಂಡಸು ತನ್ನ ಹೆಸರಿಗೆ ತಾನೇ ನಾಚಿಕೊಂಡು ಓಡಾಡುವುದು ಅಂದರೆ ಅದೇನು ಸಣ್ಣ ಸಂಕಟವೇ?

ಆ ಹೆಸರು ಬಂದ ಬಗೆ ಹಳಬರಿಗೆ ಗೊತ್ತು. ಈಗಿನ ಮಕ್ಕಳಿಗೆ ಗೊತ್ತಿರಲ್ಲ, ಹೇಳಿಬಿಡೋಣ. ಒಂದು ಮನೆಯಲ್ಲಿ ಹುಟ್ಟಿದ ಕೂಸುಗಳು ಒಂದರ ಹಿಂದೆ ಒಂದು ಕಣ್ಣು ಮುಚ್ಚಿದವು ಅಂದುಕೊಳ್ಳಿ. ಆಮೇಲೆ ಹುಟ್ಟಿದ್ದನ್ನು ಮಡಿಲಲ್ಲಿ ಇಟ್ಟುಕೊಳ್ಳುವುದಕ್ಕೇ ತಾಯಿಗೆ ಹೆದರಿಕೆ. ಜವರಾಯ ಆ ಮನೆಯ ದಾರಿ ಕಲಿತುಬಿಟ್ಟಿದ್ದಾನಲ್ಲ! ಅದಕ್ಕೇ ಕೂಸನ್ನು ಒಯ್ದು ಹಿತ್ತಲ ತಿಪ್ಪೆಯ ಮೇಲೆ, ಸಗಣಿ ಕಸದ ನಡುವೆ ಮಲಗಿಸುವುದು. ಇನ್ನೊಬ್ಬ ಹೆಂಗಸು ಏನೂ ತಿಳಿಯದವಳ ಹಾಗೆ ಆ ದಾರಿಯಲ್ಲಿ ಬಂದು, ಅಯ್ಯೋ ಯಾರದೋ ಕೂಸು ಬಿದ್ದಿದೆಯಲ್ಲ ಅಂತ ಎತ್ತಿಕೊಳ್ಳುವುದು. ಹೆತ್ತವಳೇ ಅವಳ ಹತ್ತಿರ ಹೋಗಿ, ಒಂದು ಮೊರ ತೌಡು ಕೊಟ್ಟು ಆ ಕೂಸನ್ನು ಕೊಂಡುಕೊಳ್ಳುವುದು. ತಿಪ್ಪೆಯ ಮಾಲು, ತೌಡಿನ ಬೆಲೆ. ಇಂಥದ್ದರ ಮೇಲೆ ಯಾವ ಜವರಾಯ ಕಣ್ಣು ಹಾಕುತ್ತಾನೆ? ಹೆಸರೂ ಅದಕ್ಕೆ ತಕ್ಕದ್ದೇ, ತಿಪ್ಪಯ್ಯ, ಗುಂಡ, ಕಲ್ಲ ಅಂತ. ಕೂಸು ತಾಯಿಯನ್ನು ಅವ್ವ ಅನ್ನಬಾರದು, ಅಕ್ಕ ಅನ್ನಬೇಕು. ತಾಯಿ ಅಪ್ಪಿತಪ್ಪಿಯೂ ಮಗ ಅನ್ನಬಾರದು.

ಅದೇನು ಸಾಯುವತನಕ ಅಲ್ಲ ಮತ್ತೆ. ಅವರ ಊರಲ್ಲಿ ಐದು ವರ್ಷ ತುಂಬಿದ ಮೇಲೆ ಕೂಸನ್ನು ಮಾರಮ್ಮನ ಗುಡಿಯ ಮುಂದೆ ನಿಲ್ಲಿಸಿ, ಇವನು ನನ್ನ ಮಗ ಅಂತ ತಾಯಿ ಬಾಯ್ತುಂಬ ಹೇಳಿ ಬಿಡಿಸಿಕೊಳ್ಳುತ್ತಿದ್ದಳು. ಅಲ್ಲಿಗೆ ಶಾಸ್ತ್ರ ಮುಗಿಯಿತು. ಹೆಸರೊಂದು ಉಳಿಯುತ್ತಿತ್ತು, ಅಷ್ಟೆ. ನಾಗಸಂದ್ರದ ಪಕ್ಕದ ಆ ಹಳೇ ಊರಿನಲ್ಲಿ ಇಂಥ ಹೆಸರಿನವರು ಇನ್ನೂ ಮೂರು ನಾಲ್ಕು ಜನ ಇದ್ದರು. ಯಾರೂ ಅದನ್ನು ತಲೆಗೆ ಹಚ್ಚಿಕೊಂಡವರಲ್ಲ. ತಿಪ್ಪಯ್ಯನ ಪಾಲಿಗೆ ಮಾತ್ರ ಶಾಸ್ತ್ರ ಮುಗಿಯಲೇ ಇಲ್ಲ.

ಅವನ ತಾಯಿ ಅನುಸೂಯಮ್ಮ ಅವನಿಗಿಂತ ಮೊದಲು ಮೂರು ಕೂಸು ಮಣ್ಣು ಮಾಡಿದ್ದಳು. ನಾಲ್ಕನೆಯದನ್ನು ತಿಪ್ಪೆಯ ಮೇಲಿಟ್ಟಾಗ ಎತ್ತಿಕೊಂಡವಳು ಪಕ್ಕದ ಮನೆ ಭದ್ರಮ್ಮ. ಕೂಸು ಉಳಿಯಿತು, ಗುಂಡುಗುಂಡಾಗಿ ಬೆಳೆಯಿತು. ಐದು ತುಂಬಿತು, ಗುಡಿಗೆ ಹೋಗಲು ಮಂಗಳವಾರ ಗೊತ್ತಾಯಿತು, ಹೊಸ ಚಡ್ಡಿ ಅಂಗಿ ಬಂತು. ಸೋಮವಾರ ಅನುಸೂಯಮ್ಮ ಪೂಜೆಯ ತೆಂಗಿನಕಾಯಿ ತೊಳೆದಿಡುವಾಗ ಸಂತೋಷ ತಡೆಯಲಾರದೆ, ನಾಳೆಯಿಂದ ನೀನು ನನ್ನ ಮಗ ಕಣೋ ಅಂತ ಒಂದು ದಿನ ಮೊದಲೇ ಅಂದುಬಿಟ್ಟಳು. ಅವತ್ತು ಸಂಜೆ ಅವಳ ಗಂಡ ವೆಂಕಟಪ್ಪ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದು, ಎದೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಕಾಕತಾಳೀಯ ಅಂತ ನೀವು ನಾವು ಅನ್ನಬಹುದು. ಮೂರು ಕೂಸು, ಮೇಲೆ ಗಂಡನನ್ನೂ ಕಳೆದುಕೊಂಡವಳ ಮುಂದೆ ಹೋಗಿ ಹೇಳಿ ನೋಡೋಣ! ಜವರಾಯ ಬಾಗಿಲಲ್ಲೇ ನಿಂತಿದ್ದ, ನಾನು ಆಡಿದ ಮಾತು ಕೇಳಿಸಿಕೊಂಡ, ಈ ಸಲ ಹೇಗೋ ಗಂಡನನ್ನು ಹೊತ್ತುಕೊಂಡು ಹೋದ, ಮುಂದಿನ ಸಲ ಇವನನ್ನೇ ಎಂದು ಅವಳು ಲೆಕ್ಕ ಹಾಕಿದಳು. ಗುಡಿಗೆ ಹೋಗುವುದು ನಿಂತಿತು. ಭದ್ರಮ್ಮನನ್ನು ಕರೆಸಿ, ಇವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅನ್ನೋ ಮಾತು ನಿನ್ನ ಬಾಯಲ್ಲಿ ಬರಕೂಡದು ಅಂತ ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ತನ್ನ ಬಾಯಿಗಂತೂ ಬೀಗವೇ ಬಿತ್ತು. ಆ ಸೋಮವಾರದ ಮಾತು ಐದು ವರ್ಷದ ಹುಡುಗನ ನೆನಪಿನಲ್ಲಿ ಉಳಿಯಲಿಲ್ಲ.

ಬಡ್ಡಿಮಗಂದು ವಿಧಿ ನೋಡಿ, ಹೇಳಬೇಕಾದವರೂ ಒಬ್ಬೊಬ್ಬರಾಗಿ ಊರು ಬಿಟ್ಟರು. ಹೊಲಗದ್ದೆ ಶೆಡ್ಡುಗಳಾದವು. ವೆಂಕಟಪ್ಪನ ಅಣ್ಣತಮ್ಮಂದಿರು ಆನೇಕಲ್ ಕಡೆ ಜಮೀನು ಹಿಡಿದು ಹೊರಟುಹೋದರು. ಖಾಲಿಯಾದ ಮನೆಗಳಿಗೆ ಬಿಹಾರದವರು, ಒಡಿಶಾದವರು ಬಾಡಿಗೆಗೆ ಬಂದರು. ತಿಪ್ಪೆ ಇದ್ದ ಜಾಗದಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್ ಬಂತು, ಆಮೇಲೆ ಮೊಬೈಲ್ ಅಂಗಡಿ.

ತಿಪ್ಪಯ್ಯ ಬೆಳೆದದ್ದು ಅವನು ಅಕ್ಕ ಅನ್ನುತ್ತಿದ್ದ ಅನುಸೂಯಮ್ಮನ ಮನೆಯಲ್ಲಿ. ಊಟಕ್ಕೆ, ಬಟ್ಟೆಗೆ ಕೊರತೆ ಇಲ್ಲ. ಆದರೆ ಅವನು ಓಟದಲ್ಲಿ ಮೊದಲು ಬಂದರೆ, ಏನು ಮಹಾ ಅನ್ನುತ್ತಿದ್ದಳು. ಜ್ವರ ಬಂದರೆ ಇನ್ನೂ ದೂರ. ಗಂಜಿ ಲೋಟ ಪಕ್ಕದಲ್ಲಿಟ್ಟು, ಹೊಸ್ತಿಲ ಹೊರಗೆ ಹೋಗಿ ಬೆನ್ನು ತಿರುಗಿಸಿಕೊಂಡು ಕೂತುಬಿಡುವಳು. ಎದ್ದಾಗೆಲ್ಲ ಆ ಬೆನ್ನು ಅಲ್ಲೇ ಕಾಣುತ್ತಿತ್ತು. ಮಗು ಏನು ಬಲ್ಲದು? ಅಕ್ಕನಿಗೆ ನಾನು ಬೇಡ ಅಂದುಕೊಂಡಿತು. ಶಾಲೆಯಲ್ಲಿ ಹುಡುಗರು ತಿಪ್ಪೆ ತಿಪ್ಪೆ ಅಂತ ಕಿಚಾಯಿಸಿದ ದಿನ ಅಳುತ್ತಾ ಬಂದು, ನಿಜಕ್ಕೂ ನಾನು ತಿಪ್ಪೇಲಿ ಸಿಕ್ಕಿದ್ದಾ ಅಂತ ಕೇಳಿದ. ಅನುಸೂಯಮ್ಮ ಒಲೆ ಊದುತ್ತಿದ್ದವಳು ತಲೆ ಎತ್ತದೆ, ಹೂ, ಒಂದು ಮೊರ ತೌಡು ಕೊಟ್ಟೆ ಅಂದಳು. ಭದ್ರಮ್ಮನನ್ನು ಕೇಳಿದರೆ ಅವಳೂ, ನಾನೇ ಎತ್ಕೊಂಡಿದ್ದು ಕಣಪ್ಪ ಅಂದು ಒಳಗೆ ಹೋಗಿಬಿಟ್ಟಳು.

ಮದುವೆಯಾಗಿ ಬಂದ ವೇಣಿ ಜಾಣೆ. ಅದೆಲ್ಲ ಶಾಸ್ತ್ರ ಕಣ್ರೀ, ನಮ್ಮ ತುಮಕೂರು ಕಡೆಯೂ ಇದೆ, ನಿಮ್ಮ ಮೂಗು ನೋಡ್ಕೊಳ್ಳಿ, ಅಕ್ಕನ ಮೂಗು ನೋಡಿ ಅಂತ ಎಷ್ಟು ಸಲ ಹೇಳಿದಳೋ. ತಿಪ್ಪಯ್ಯನದು ಒಂದೇ ಉತ್ತರ. ಶಾಸ್ತ್ರವಾಗಿದ್ದರೆ ಬಿಡಿಸಿಕೊಳ್ಳುತ್ತಿದ್ದಳು. ಎಲ್ಲರ ತಾಯಂದಿರೂ ಬಿಡಿಸಿಕೊಂಡರು, ಇವಳು ಬಿಡಿಸಿಕೊಳ್ಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಾನು ಹೆಗ್ಗಣಕ್ಕಿಂತ ಕಡೆಯಾ?

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಅನುಸೂಯಮ್ಮ ಹಾಸಿಗೆ ಹಿಡಿದಳು. ಹೃದಯ ದಣಿದಿದೆ, ಮನೆಗೆ ಕರಕೊಂಡು ಹೋಗಿ ಬೇಕಾದ್ದು ಕೊಡಿ ಅಂದರು ಡಾಕ್ಟರು. ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಿಪ್ಪಯ್ಯನಿಗೆ ಈಗ ಇದ್ದದ್ದು ಒಂದೇ ಆಸೆ. ಸಾಯುವುದರೊಳಗೆ ಒಂದು ಸಲ, ಬರೀ ಒಂದು ಸಲ, ಆ ಬಾಯಿಂದ ಮಗ ಅನ್ನಿಸಿಕೊಳ್ಳಬೇಕು. ಹೆರದಿದ್ದರೂ ಚಿಂತೆಯಿಲ್ಲ, ಸಾಕಿದ್ದಕ್ಕಾದರೂ ಅನ್ನಲಿ. ದಿನಾ ಕೆಲಸದಿಂದ ಬಂದು ಮಂಚದ ಪಕ್ಕ ಕೂರುವನು. ಮುದುಕಿ ಮೊದಲಿಗಿಂತ ಮೋಸ! ಕೂತ ಕೂಡಲೇ, ನಿಂಗಿಲ್ಲೇನು ಕೆಲಸ, ಎದ್ದೋಗು, ಆಚಿಗೋಗು ಅಂತ ರೇಗುವಳು. ಕೈ ಹಿಡಿದರೆ ಕೊಡವುವಳು. ಅವನು ಎದ್ದು ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿಗೆ ಒರಗಿ ನಿಲ್ಲುತ್ತಿದ್ದ.

ಅದೇ ತಿಂಗಳು ಕಂಪನಿಗೆ ಇಟಲಿಯಿಂದ ಹೊಸ ಮಿಷಿನ್ ಬಂತು, ಅದನ್ನು ಜೋಡಿಸಿಕೊಡಲು ನೇಪಲ್ಸ್ ಊರಿನ ಒಬ್ಬ ಮೆಕ್ಯಾನಿಕ್ಕೂ ಬಂದ. ಅರವತ್ತು ದಾಟಿದ, ಹೊಟ್ಟೆ ಬಂದ, ನಗುಮುಖದ ಮನುಷ್ಯ. ಅಡ್ಡಹೆಸರು ಎಸ್ಪೊಸಿಟೊ. ತಿಪ್ಪಯ್ಯನನ್ನು ಅವನ ಜೊತೆಗೆ ಹಾಕಿದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಎಡವಿದ ಕಡೆ ಸೂಪರ್‌ವೈಸರ್ ಶ್ರೀಧರ್ ಮಾತು ದಾಟಿಸುತ್ತಿದ್ದ. ವೇಣಿ ಕಳಿಸಿದ ಮುದ್ದೆಯನ್ನು ಎಸ್ಪೊಸಿಟೊ ಅಗಿಯಲು ಹೋದಾಗ, ನುಂಗು ಮಾರಾಯ ಅಂತ ತಿಪ್ಪಯ್ಯ ಗಂಟಲು ತೋರಿಸಿ ಕಲಿಸಿದ. ಹಾಗೆ ಸ್ನೇಹ ಬೆಳೆಯಿತು.

ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಎಸ್ಪೊಸಿಟೊ, ನಿನ್ನ ಹೆಸರು ಕರೆದಾಗೆಲ್ಲ ಹುಡುಗರು ಯಾಕೆ ನಗುತ್ತಾರೆ, ಅದಕ್ಕೇನರ್ಥ ಅಂತ ಕೇಳಿದ. ತಿಪ್ಪಯ್ಯ ಎಂದಿನಂತೆ ಮುಖ ತಿರುಗಿಸಿದ. ಶ್ರೀಧರ್ ಮುಜುಗರದಲ್ಲೇ, ಕಸ ಹಾಕೋ ಜಾಗ ಸಾರ್, ಮಗುವನ್ನು ಅಲ್ಲಿಟ್ಟು ಎತ್ತಿಕೊಂಡರೆ ಆ ಹೆಸರು ಇಡ್ತಾರೆ ಅಂದ. ಮುದುಕ ನಗಲಿಲ್ಲ. ಕೈಯಲ್ಲಿದ್ದ ಚಮಚ ಕೆಳಗಿಟ್ಟು, ತನ್ನ ಎದೆ ಮುಟ್ಟಿಕೊಂಡು, ನಂದೂ ಅದೇ ಹೆಸರು ಅಂದ.

ಆಮೇಲೆ ಅವನು ಹೇಳಿದ್ದು ಇದು. ಅವರ ಊರಲ್ಲಿ ಒಂದು ದೊಡ್ಡ ಮಠ, ಅನಾಥ ಮಕ್ಕಳನ್ನು ಸಾಕುವ ಮನೆ. ಅದರ ಗೋಡೆಯಲ್ಲಿ ಮರದ ಒಂದು ತಿರುಗು ತೊಟ್ಟಿಲು. ಸಾಕಲಾರದ ತಾಯಂದಿರು, ಮಾನಕ್ಕೆ ಅಂಜಿದವರು ಹೊರಗಿನಿಂದ ಕೂಸನ್ನು ಅದರಲ್ಲಿ ಮಲಗಿಸಿ ತಿರುಗಿಸಿದರೆ ಕೂಸು ಒಳಗೆ, ತಾಯಿ ಹೊರಗೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಹಾಗೆ ಬಂದ ಕೂಸುಗಳಿಗೆಲ್ಲ ಒಂದೇ ಅಡ್ಡಹೆಸರು ಬರೆಯುತ್ತಿದ್ದರು, ಎಸ್ಪೊಸಿಟೊ. ಅಂದರೆ ಆಚೆ ಇಟ್ಟದ್ದು. ಹೆಸರು ಕೇಳಿದರೆ ಸಾಕು, ಇವನು ದಿಕ್ಕಿಲ್ಲದವನು ಅಂತ ಊರಿಗೇ ಗೊತ್ತಾಗುತ್ತಿತ್ತು. ಇನ್ನೂರು ವರ್ಷದ ಹಿಂದೆ ಅಲ್ಲಿ ಆಳುತ್ತಿದ್ದ ದೊರೆಗೇ ಅಯ್ಯೋ ಅನ್ನಿಸಿ, ಇನ್ನು ಮೇಲೆ ಯಾವ ಕೂಸಿಗೂ ಈ ಹೆಸರು ಇಡಕೂಡದು ಅಂತ ಹುಕುಂ ಹೊರಡಿಸಿದ. ಅಷ್ಟರಲ್ಲಿ ಆ ಹೆಸರಿನವರು ಸಾವಿರಾರು ಮಂದಿ, ಅವರ ಮಕ್ಕಳು ಮೊಮ್ಮಕ್ಕಳು. ಕೆಲವರು ಅಕ್ಷರ ತಿದ್ದಿಕೊಂಡು ಬಚ್ಚಿಟ್ಟುಕೊಂಡರು. ಉಳಿದವರು ಹಾಗೇ ಉಳಿದರು. ಇವತ್ತು ಆ ಊರಲ್ಲಿ ಯಾವ ಬೀದಿಗೆ ಹೋದರೂ ಒಬ್ಬ ಎಸ್ಪೊಸಿಟೊ ಸಿಗುತ್ತಾನಂತೆ.

ತಿಪ್ಪಯ್ಯ ಡಬ್ಬಿ ಮುಚ್ಚಿ ಕೇಳುತ್ತಾ ಕೂತಿದ್ದ. ನಿಮ್ಮ ಮನೆಯವರು ಯಾಕೆ ತಿದ್ದಿಕೊಳ್ಳಲಿಲ್ಲ ಅಂತ ಕೇಳಿದ.

ಎಸ್ಪೊಸಿಟೊನ ಅಪ್ಪ ತಿದ್ದಿಸಲು ಹೊರಟಿದ್ದರಂತೆ, ಅಜ್ಜಿ ಬಿಡಲಿಲ್ಲ. ಅವಳ ಹತ್ತಿರ ಒಂದು ಕಥೆ ಇತ್ತು. ಅವರ ವಂಶದ ಮೊದಲ ಎಸ್ಪೊಸಿಟೊನನ್ನು ತೊಟ್ಟಿಲಲ್ಲಿಟ್ಟ ಮಾರನೇ ದಿನವೇ ಒಬ್ಬ ಹೆಂಗಸು ಆ ಮಠಕ್ಕೆ ಹಾಲೂಡಿಸುವ ದಾದಿಯಾಗಿ ಕೆಲಸ ಕೇಳಿಕೊಂಡು ಬಂದಳು. ಆ ಕೂಸಿಗೇ ಹಾಲು ಕೊಟ್ಟಳು. ಅವನು ದೊಡ್ಡವನಾಗಿ ಬೇರೆ ಮನೆ ಮಾಡಿದರೆ ಅಲ್ಲಿ ಬಟ್ಟೆ ಒಗೆಯಲು ಬಂದಳು. ಸಾಯುವತನಕ ಅವನ ಅಂಗಿ ಒಗೆದಳು, ಒಂದು ಮಾತು ಆಡಲಿಲ್ಲ. ಅವಳೇ ತಾಯಿ ಅಂತ ಅಜ್ಜಿ ಆಣೆ ಇಟ್ಟು ಹೇಳುತ್ತಿದ್ದಳಂತೆ. ನಿಜವೋ ಸುಳ್ಳೋ ಯಾರಿಗೆ ಗೊತ್ತು.

"ಯಾಕೆ ಹೇಳಲಿಲ್ಲ?" ಅಂದ ತಿಪ್ಪಯ್ಯ.

ಎಸ್ಪೊಸಿಟೊ ನಿಧಾನವಾಗಿ ಹೇಳಿದ್ದನ್ನು ಶ್ರೀಧರ್ ಅಷ್ಟೇ ನಿಧಾನವಾಗಿ ದಾಟಿಸಿದ. "ಹೇಳಿದ್ರೆ ಮಠದೋರು ಅವಳನ್ನ ಓಡಿಸ್ತಿದ್ರು. ಹೇಳದೇ ಇದ್ರೆ ಹಾಲು ಕೊಡಬಹುದಿತ್ತು."

ಅವತ್ತು ಮಧ್ಯಾಹ್ನವೆಲ್ಲ ತಿಪ್ಪಯ್ಯನ ಕೈ ಕೆಲಸದಲ್ಲಿ ನಿಲ್ಲಲಿಲ್ಲ. ಹಾಲು, ಹಾಲು ಅಂತ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಇಷ್ಟು ವರ್ಷ ತಿಪ್ಪೆಯ ಬಗ್ಗೆ ಯೋಚಿಸಿದ್ದ, ತೌಡಿನ ಬಗ್ಗೆ ಯೋಚಿಸಿದ್ದ, ಇದೊಂದು ಹೊಳೆದೇ ಇರಲಿಲ್ಲ. ತಿಪ್ಪೆಯಿಂದ ಎತ್ತಿಕೊಂಡ ಹಸುಗೂಸಿಗೆ ಹಾಲು ಕೊಟ್ಟವರು ಯಾರು? ಆ ಜ್ವರದ ರಾತ್ರಿಗಳ ಬೆನ್ನೂ ನೆನಪಾಯಿತು. ಬೇಡದ ಕೂಸಾಗಿದ್ದರೆ ಅವಳು ಹೋಗಿ ಮಲಗಬಹುದಿತ್ತಲ್ಲ. ಹೊಸ್ತಿಲಲ್ಲೇ ಯಾಕೆ ಕೂತಿರುತ್ತಿದ್ದಳು?

ಭಾನುವಾರ ಬೆಳಿಗ್ಗೆಯೇ ಅವನು ದೊಡ್ಡನೆಕ್ಕುಂದಿಗೆ ಹೊರಟ. ಭದ್ರಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಳು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಧ್ವನಿ ಕೇಳಿಯೇ ಗುರುತು ಹಿಡಿದು, ನಿಮ್ಮಕ್ಕ ಎಂಗವಳೆ ಅಂದಳು. ಅವನು ಸುತ್ತುಬಳಸಿ ಮಾತಾಡಲಿಲ್ಲ. ನಾನು ಯಾರ ಮಗ ಅಂತ ನಿನ್ನ ಕೇಳಲ್ಲ ಭದ್ರಮ್ಮತ್ತೆ, ಹಾಲು ಯಾರು ಕೊಟ್ಟರು ಅದೊಂದು ಹೇಳು ಅಂದ.

ಮುದುಕಿ ಎದ್ದು ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತಳು. ದೀಪ ಮುಟ್ಟಿ ಇಟ್ಟ ಆಣೆ, ನಲವತ್ತು ವರ್ಷಕ್ಕೂ ಮೇಲೆ ಬಿಸಿತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡವಳು.

"ಆಲಿನ ಮಾತು ಆಡ್ಬ್ಯಾಡ ಅಂತ ಅವಳು ಆಣೆ ಆಕ್ಸಿಲ್ಲ," ಅಂದಳು ಕೊನೆಗೆ. "ನಾನು ನಿನ್ನ ಎತ್ಕೊಂಡೆ, ನೀನು ಅತ್ತೆ. ನಿಮ್ಮಕ್ಕ ಮೊರ ಇಡ್ಕೊಂಡು ಬಾಗ್ಲಲ್ಲಿ ನಿಂತಿದ್ಲು. ನೀನು ಅತ್ತಂಗೆಲ್ಲ ಅವಳ ರವಿಕೆ ನೆಂದೋಯ್ತು. ಕೈಯಾಗಿನ ತೌಡೂ ನೆಂದೋಯ್ತು ಕಣಪ್ಪ. ನಾನು ನೋಡ್ಲಾರ್ದೆ ಬೇಗ ಕೊಟ್ಬಿಟ್ಟೆ."

ಆಮೇಲೆ ಗುಡಿಗೆ ಗೊತ್ತಾದ ಮಂಗಳವಾರ, ಹಿಂದಿನ ದಿನ ಆಡಿದ ಮಾತು, ವೆಂಕಟಪ್ಪ ಜಗುಲಿಯ ಮೇಲೆ ಹೋದದ್ದು, ಎಲ್ಲ ಹೇಳಿದಳು. ಅವಳು ನಿನ್ನನ್ನ ಮಗ ಅಂದಿದ್ದು ಅವತ್ತೊಂದೇ ದಿನ, ಅವತ್ತೇ ಬೆಲೆ ಕೊಟ್ಟಳು ಅಂದಳು. ತಿಪ್ಪಯ್ಯ ಅವಳ ಕಾಲ ಮೇಲೆ ತಲೆಯಿಟ್ಟು, ಆ ವಯಸ್ಸಿನಲ್ಲಿ, ಚಿಕ್ಕ ಮಗುವಿನ ಹಾಗೆ ಅತ್ತ. ಅಳಲಿ ಬಿಡಿ, ಅಳದೆ ಇನ್ನೇನು ಮಾಡಿಯಾನು.

ಬಸ್ಸು, ಮೆಟ್ರೊ, ಮತ್ತೆ ಆಟೋ ಹಿಡಿದು ಅವನು ಮನೆ ಸೇರಿದಾಗ ಇಳಿಹೊತ್ತು. ಬಾಗಿಲು ತೆರೆದಿತ್ತು, ಬಿಸಿಲು ಒಳಗೆ ಮಂಚದವರೆಗೂ ಬಂದಿತ್ತು. ಅನುಸೂಯಮ್ಮನಿಗೆ ಮೇಲುಸಿರು ಹತ್ತಿತ್ತು. ವೇಣಿ ಬಾಯಿಗೆ ನೀರು ಹನಿಸುತ್ತಿದ್ದಳು. ತಿಪ್ಪಯ್ಯ ಚಪ್ಪಲಿಯನ್ನೂ ಬಿಡದೆ ಹೋಗಿ ಪಕ್ಕದಲ್ಲಿ ಕೂತ. ಈ ಸಲ ಎದ್ದೋಗು ಅನ್ನುವ ಶಕ್ತಿ ಅವಳಿಗಿರಲಿಲ್ಲ. ಅವನು ಬಗ್ಗಿ, ಹುಟ್ಟಿದ ಮೇಲೆ ಮೊದಲ ಸಲ, "ಅವ್ವಾ" ಅಂದ.

ಮುದುಕಿಯ ಕಣ್ಣು ಅಗಲವಾದವು. ಎಲ್ಲಿತ್ತೋ ಆ ಬಲ, ಒಣಗಿದ ಕೈ ಎತ್ತಿ ಅವನ ಬಾಯಿ ಮುಚ್ಚಿದಳು. ಕಣ್ಣು ಅವನ ಕಡೆ ಇರಲಿಲ್ಲ, ತೆರೆದ ಬಾಗಿಲ ಕಡೆ ಇತ್ತು.

"ಅಂಗನ್ಬ್ಯಾಡ," ಅಂದಳು ಪಿಸುಮಾತಲ್ಲಿ. "ಇಲ್ಲೇ ನಿಂತವ್ನೆ. ಕೇಳಿಸ್ಕೋತಾನೆ."

ಆಮೇಲೆ ಬಾಗಿಲಿಗೆ ಕೇಳುವಂತೆ, ಉಸಿರು ಕಟ್ಟಿ ಕಟ್ಟಿ, ಇದ್ದಬದ್ದ ಜೀವವನ್ನೆಲ್ಲ ಹಾಕಿ ಹೇಳಿದಳು: "ಇವ್ನು ನನ್ನ ಮಗ ಅಲ್ಲ. ತಿಪ್ಪೇಲಿ ಸಿಕ್ಕೋನು. ನಾನೊಬ್ಳೇ ಬರಾದು."

ವೇಣಿ ಸೆರಗು ಬಾಯಿಗೆ ಒತ್ತಿಕೊಂಡಳು. ಯಾವ ಮಾತಿಗಾಗಿ ಆ ಮನುಷ್ಯ ಜನ್ಮವಿಡೀ ಕಾದಿದ್ದನೋ ಅದಕ್ಕೆ ತದ್ವಿರುದ್ಧದ ಮಾತು. ಮೊನ್ನೆಯವರೆಗೂ ಆಗಿದ್ದರೆ ಎದ್ದು ಟೆರೇಸಿಗೆ ಹೋಗಿಬಿಡುತ್ತಿದ್ದ. ಇವತ್ತು ಹೋಗಲಿಲ್ಲ. ಎದ್ದೋಗು ಎದ್ದೋಗು ಅಂತ ದಿನಾ ಯಾಕೆ ರೇಗುತ್ತಿದ್ದಳು ಅಂತ ಈಗ ತಿಳಿಯಿತು. ಅವಳ ಕೈಯನ್ನು ತುಟಿಯಿಂದ ಒಂಚೂರು ಸರಿಸಿ ಅವನೂ ಬಾಗಿಲ ಕಡೆ ತಿರುಗಿದ.

"ಹೂ ಅಕ್ಕ," ಅಂದ ಜೋರಾಗಿ. "ನಾನು ನಿನ್ನ ಮಗ ಅಲ್ಲ. ತಿಪ್ಪೇಲಿ ಸಿಕ್ಕೋನು. ನಿಂಗೂ ನಂಗೂ ಏನೂ ಸಂಬಂಧ ಇಲ್ಲ."

ಮುದುಕಿಯ ಮುಖ ಸಡಿಲವಾಯಿತು. ಆ ಕೈ ಅವನ ಕೆನ್ನೆಯ ಮೇಲೆ ಬಂತು, ಅಲ್ಲಿಂದ ಕಿವಿ, ಅಲ್ಲಿಂದ ತಲೆಗೂದಲು. ಹೊರಗಿನವನಿಗೆ ಕಾಣದ ಹಾಗೆ ಹೊದಿಕೆಯೊಳಗೆ ಇನ್ನೊಂದು ಕೈ ಅವನ ಬೆರಳು ಹುಡುಕಿ ಹಿಡಿದುಕೊಂಡಿತು. ಬಿಸಿಲು ಮಂಚದಿಂದ ಹೊಸ್ತಿಲಿಗೆ ಸರಿಯುವಷ್ಟರಲ್ಲಿ ಆ ಹಿಡಿತ ಬಿಟ್ಟಿತು.

ಮಾರನೇ ದಿನ ಊರ ಹಿಂದೆ ಉಳಿದಿದ್ದ ಸ್ಮಶಾನದಲ್ಲಿ, ಎರಡು ಶೆಡ್ಡುಗಳ ನಡುವೆ, ವೆಂಕಟಪ್ಪನ ಪಕ್ಕದಲ್ಲೇ ಗುಂಡಿ ತೋಡಿದರು. ಕಂಪನಿಯಿಂದ ಶ್ರೀಧರ್ ಬಂದಿದ್ದ. ಅವನ ಜೊತೆ ಬಂದ ಎಸ್ಪೊಸಿಟೊ ಟೋಪಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದ. ಭದ್ರಮ್ಮನನ್ನು ಮಗಳು ಕೈಹಿಡಿದು ಕರೆತಂದಿದ್ದಳು. ಶಾಸ್ತ್ರ ಮಾಡಿಸುತ್ತಿದ್ದ ಹಿರಿಯರು, ಮೊದಲ ಮಣ್ಣು ಹಾಕೋರು ಯಾರಪ್ಪ, ಸತ್ತವರು ನಿಂಗೇನಾಗಬೇಕು ಅಂತ ತಿಪ್ಪಯ್ಯನನ್ನು ಕೇಳಿದರು.

ಹಿಡಿ ಮಣ್ಣು ಹಿಡಿದು ನಿಂತ ತಿಪ್ಪಯ್ಯನ ಬಾಯಿಗೆ ಅಭ್ಯಾಸದ ಮಾತೇ ಬಂತು. ಅಕ್ಕ ಅಂದುಬಿಟ್ಟು ಸುತ್ತ ನೋಡಿದ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೇನೋ ಅನ್ನುವಂತೆ. ಭದ್ರಮ್ಮ ಕೋಲೂರಿಕೊಂಡು ಮುಂದೆ ಬಂದಳು.

"ಕರಿಯೋ ಮಗಾ," ಅಂದಳು. "ಅವಳು ಆ ಜವರಾಯನ್ನ ಜೊತೆಗೇ ಕರ್ಕೊಂಡೋದ್ಲು. ಇನ್ನು ಇಲ್ಲಿ ಕೇಳಿಸ್ಕಳೋರು ಯಾರೂ ಇಲ್ಲ."

ತಿಪ್ಪಯ್ಯ ಕೂಗಿದ. ಅವ್ವಾ ಅಂತ, ಮತ್ತೆ ಅವ್ವಾ ಅಂತ, ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರು ಹೊರಗೆ ಬಂದು ನೋಡುವ ಹಾಗೆ. ಬಾಡಿಗೆ ಮನೆಗಳವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಅಕ್ಕ ಅನ್ನುತ್ತಿದ್ದವನು ಈಗ ಯಾಕೆ ಅವ್ವ ಅನ್ನುತ್ತಾನೆ ಅಂತ ಪಾಪ ಅವರಿಗೆ ಗೊತ್ತಾಗಲಿಲ್ಲ.